ತೋರಿಸದೆ ಬಿಟ್ಟ ಎಡಭುಜ

ನಾನು ಪಕ್ಷಪಾತಿ ಎಂಬ ಕಾರಣ ಕೊಟ್ಟು ನನ್ನನ್ನು ಕೆಲಸದಿಂದ ತೆಗೆದರು. ಕನ್ನಡದ ಕುಟುಂಬವೊಂದರ ಮೇಲಿನ ಮಮಕಾರಕ್ಕಾಗಿ ಕಚೇರಿಯ ನಿಯಮವನ್ನು ಮುರಿದೆ ಎಂಬುದು ಆರೋಪ. ಆ ಕುಟುಂಬಕ್ಕೆ ನಾನು ಹೇಳಿದ್ದು ಹಿತವಾದ ಮಾತೇನಲ್ಲ. ನಿಮ್ಮ ಮಗ ಈ ವರ್ಷ ವೃತ್ತಿಪರ ಫುಟ್‌ಬಾಲ್‌ಗೆ ಸಿದ್ಧನಾಗಿಲ್ಲ ಎಂದು ಹೇಳಿದೆ. ಮಮಕಾರ ಹೀಗೆ ಮಾತಾಡುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಸಂಬಂಧಪಟ್ಟವರಿಗೆ ತಮ್ಮ ಗುರುತು ತಾನಾಗಿ ಸಿಗುತ್ತದೆ.

ಅಮೆರಿಕದ ಸಮರ್‌ಸೆಟ್ ಊರಿನ ಆಫೀಸ್ ಪಾರ್ಕೊಂದರಲ್ಲಿ, ದಂತ ವೈದ್ಯರ ಕ್ಲಿನಿಕ್ಕಿನ ಮೇಲಂತಸ್ತಿನಲ್ಲಿ, ನಮ್ಮ ಕಚೇರಿ ಇತ್ತು. ಕಾಲೇಜು ಫುಟ್‌ಬಾಲ್ ಆಟಗಾರರ ವಿಡಿಯೋಗಳನ್ನು ಪರಿಶೀಲಿಸಿ, ವೃತ್ತಿಪರ ತಂಡಗಳಲ್ಲಿ ಅವರಿಗೆ ಎಷ್ಟರಮಟ್ಟಿನ ಭವಿಷ್ಯವಿದೆ ಎಂದು ಹೇಳುವುದು ಅಲ್ಲಿಯ ವ್ಯವಹಾರ. ಆಟಗಾರರ ಕುಟುಂಬದವರೂ ಗ್ರಾಹಕರು, ಆಟಗಾರರನ್ನು ತಂಡಗಳಿಗೆ ಮಾರಿಕೊಡುವ ಏಜೆಂಟರೂ ಗ್ರಾಹಕರು. ಮುಖ್ಯಸ್ಥರು ಬೆಂಗಳೂರಿನವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಅವರ ಮೇಜಿನ ಮೇಲೆ ಅವರ ಮಗನ ಚಿತ್ರವೊಂದಿತ್ತು: ತಲೆಗಿಂತ ದೊಡ್ಡದಾದ ಹೆಲ್ಮೆಟ್ ತೊಟ್ಟು, ಹಲ್ಲು ಕಾಣುವಂತೆ ನಗುತ್ತಿರುವ ಹುಡುಗ. ಪಕ್ಕದ ಕೋಣೆಯಲ್ಲಿ ಒಬ್ಬ ಮಾಜಿ ಕೋಚ್ ಕೂರುತ್ತಿದ್ದರು. ಇಲ್ಲಿಯವರೇ, ಜೀವನವಿಡೀ ಮೈದಾನದಲ್ಲಿ ಕಳೆದವರು. ಮೂರನೆಯವನು ನಾನು. ನಾನು ಈ ಆಟವನ್ನು ಆಡಿದವನಲ್ಲ. ಸೇತುವೆಗಳ ಬಿರುಕುಗಳನ್ನು ಪರೀಕ್ಷಿಸುತ್ತಿದ್ದ ಕಣ್ಣು ನನ್ನದು. ನಿವೃತ್ತಿಯ ನಂತರ ಆ ಕಣ್ಣಿಗೆ ಇಲ್ಲಿ ಕೆಲಸ ಸಿಕ್ಕಿತು.

ಡಿಸೆಂಬರ್‌ನ ಒಂದು ಬೆಳಿಗ್ಗೆ ಮುಖ್ಯಸ್ಥರು ನನ್ನನ್ನು ಕರೆದರು.

"ಅಂಕಲ್, ಈ ಕೇಸ್ ನಿಮಗೇ. ಹುಡುಗ ಸೇಫ್ಟಿ ಆಡ್ತಾನೆ. ಹಿಲ್ಸ್‌ಬರೋದಲ್ಲಿರೋ ಫ್ಯಾಮಿಲಿ, ತಾಯಿ ಧಾರವಾಡದ ಕಡೆಯೋರು. ರಿಪೋರ್ಟ್ ಇಂಗ್ಲಿಷ್‌ನಲ್ಲಿ ಕೊಟ್ರೆ ಅದರಲ್ಲಿರೋ ಆಟದ ಮಾತು ನಂಗೆ ಅರ್ಥ ಆಗಲ್ಲ, ಮಗನ್ನ ಕೇಳಿದ್ರೆ 'ಇಟ್ಸ್ ಆಲ್ ಗುಡ್ ಮಾ' ಅಂತಾನೆ ಅಂತ ಅವರ ಕಂಪ್ಲೇಂಟು. ನೀವು ಕ್ಲಿಪ್ಸ್ ಹಾಕಿ ಕನ್ನಡದಲ್ಲೇ ವಾಯ್ಸ್ ಕೊಟ್ಟು ಒಂದು ವಿಡಿಯೋ ಮಾಡಿಬಿಡಿ."

"ನಿಯಮದ ಪ್ರಕಾರ ಕುಟುಂಬದವರ ಜೊತೆ ನಾನು ಮಾತಾಡುವ ಹಾಗಿಲ್ಲ."

"ಮಾತಾಡ್ಬೇಡಿ. ವಿಡಿಯೋದಲ್ಲಿ ಮಾತಾಡಿ. ನಮ್ಮೋರು ಹೇಳಿದ್ರು ಅಂದ್ರೆ ಅವ್ರಿಗೂ ಒಂದು ಧೈರ್ಯ."

'ನಮ್ಮೋರು' ಎಂಬ ಮಾತನ್ನು ಮೊದಲು ಆಡಿದವರು ಯಾರು ಎಂಬುದು ಮುಂದೆ ಮುಖ್ಯವಾಗುವುದರಿಂದ ಇಲ್ಲಿ ದಾಖಲಿಸಿದ್ದೇನೆ.

ಈ ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಇದು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು ಓಡುವ ಇಲ್ಲಿಯ ಫುಟ್‌ಬಾಲ್. ರಕ್ಷಣೆಗೆ ನಿಂತ ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನು ಸೇಫ್ಟಿ. ಚೆಂಡು ಹಿಡಿದು ಓಡಿ ಬರುವವನು ಉಳಿದವರನ್ನು ದಾಟಿದರೆ ಇವನು ಹಿಡಿದು ಕೆಡವಬೇಕು. ಹಾಗೆ ಕೆಡವುವುದಕ್ಕೆ ಟ್ಯಾಕಲ್ ಎನ್ನುತ್ತಾರೆ. ಇವನೂ ತಪ್ಪಿದರೆ ಹಿಂದೆ ಬರೀ ಹುಲ್ಲು. ನಮ್ಮ ಹುಡುಗನಿಗೆ ಕಾಲೇಜಿನಲ್ಲಿ ಆಡಲು ಇನ್ನೊಂದು ವರ್ಷ ಬಾಕಿ ಇತ್ತು. ಏಜೆಂಟನೊಬ್ಬನ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರೆ ಆ ವರ್ಷ ಹೋಯಿತು. ಮರಳಿ ಕಾಲೇಜು ತಂಡಕ್ಕೆ ಬರುವಂತಿಲ್ಲ. ವೃತ್ತಿಪರ ತಂಡವೊಂದು ಅವನನ್ನು ಆರಿಸಿ ಉಳಿಸಿಕೊಂಡರೆ ಸರಿ. ಉಳಿಸಿಕೊಳ್ಳದಿದ್ದರೆ ಕಾಲೇಜು ತಂಡವೂ ಇಲ್ಲ, ವೃತ್ತಿಯೂ ಇಲ್ಲ. ಈಗ ಹೋಗುವುದೋ, ಇನ್ನೊಂದು ವರ್ಷ ನಿಲ್ಲುವುದೋ: ಆ ತಾಯಿ ಕೇಳಿದ್ದು ಇದೊಂದೇ ಪ್ರಶ್ನೆ.

ನಮ್ಮ ಕಚೇರಿಯಲ್ಲಿ ಒಂದು ರೂಢಿ ಇತ್ತು. ಆಟಗಾರನ ಬಳಿ ಚೆಂಡು ಬಂದ ಪ್ರಸಂಗಗಳನ್ನಷ್ಟೇ ಆಯ್ದು, ಜೋಡಿಸಿ, ಪರಿಶೀಲಕನ ಕೈಗೆ ಕೊಡುತ್ತಿದ್ದರು. ಹುಡುಗನ ಅಂಥ ತುಣುಕುಗಳ ಕಟ್ಟನ್ನು ನಾನು ನೋಡಿದೆ. ಹಾರಿ ಚೆಂಡು ಕಸಿದದ್ದು, ಓಡಿಬಂದು ಎದುರಾಳಿಯನ್ನು ಮಗುಚಿದ್ದು, ಎಲ್ಲವೂ ಕಣ್ಣು ಕುಕ್ಕುವಂತಿದ್ದವು. ಆದರೆ ಸೇಫ್ಟಿಯನ್ನು ಹೀಗೆ ಅಳೆಯಲು ಬರುವುದಿಲ್ಲ. ಎದುರು ಪಕ್ಷದ ಚೆಂಡೆಸೆಯುವವನು ಇವನ ಕಡೆ ಒಮ್ಮೆ ನೋಡಿ, ಬೇಡವೆಂದು ಬೇರೆ ಕಡೆ ಎಸೆದನೆಂದರೆ, ಅದೇ ಇವನ ಅತ್ಯುತ್ತಮ ಕೆಲಸ. ಆ ಕೆಲಸ ಯಾವ ಕಟ್ಟಿನಲ್ಲೂ ಇರುವುದಿಲ್ಲ, ಏಕೆಂದರೆ ಅಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ನಡೆದಿರುವುದಿಲ್ಲ. ಸೇತುವೆಯೂ ಹಾಗೆಯೇ, ಏನೂ ಆಗದೆ ನಿಂತಿರುವುದೇ ಅದರ ಕೆಲಸ. ಆದ್ದರಿಂದ ಮೈದಾನದ ಎತ್ತರದಿಂದ ತೆಗೆದ, ಎಲ್ಲ ಆಟಗಾರರೂ ಸದಾ ಕಾಣುವ ಪೂರ್ತಿ ಪಂದ್ಯಗಳ ಚಿತ್ರ ಬೇಕೆಂದು ಕೇಳಿದೆ.

"ಅಷ್ಟೆಲ್ಲ ನೋಡ್ತಾ ಕೂತ್ರೆ ಹುಡುಗ ರಿಟೈರ್ ಆಗೋಗ್ತಾನೆ ಅಂಕಲ್," ಎಂದರು ಮುಖ್ಯಸ್ಥರು.

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಮಾಜಿ ಕೋಚ್, ಇವರ ಊರಿನ ಆಟ ಐದು ದಿನ ನಡೆದು ಕೊನೆಗೆ ಯಾರೂ ಗೆಲ್ಲುವುದಿಲ್ಲವಂತೆ, ಇವರಿಗೆ ಇದೆಲ್ಲ ಅಭ್ಯಾಸ ಬಿಡಿ, ಎಂದರು. ಇಬ್ಬರೂ ನಕ್ಕರು. ನಾನು ನಗಲಿಲ್ಲ. ಅದನ್ನು ಅವರು ಆಗ ಗಮನಿಸಿರಲಾರರು.

ಮೂರನೆಯ ಸಲ ಕೇಳಿದ ಮೇಲೆ ಚಿತ್ರಗಳು ಬಂದವು. ಅದೇ ವಾರ ನನ್ನ ಮೇಜಿನ ದೊಡ್ಡ ಪರದೆಯನ್ನು ಗ್ರಾಹಕರಿಗೆ ತೋರಿಸಲು ಬೇಕೆಂದು ಎತ್ತಿಕೊಂಡು ಹೋದರು. ನಾನು ಮನೆಯ ಟಿವಿಗೆ ಜೋಡಿಸಿಕೊಂಡು ನೋಡಿದೆ. ನನ್ನ ಪದ್ಧತಿ ಸರಳ: ಪ್ರತಿ ಆಟವನ್ನೂ, ಅಂದರೆ ಪಂದ್ಯದಲ್ಲಿ ಚೆಂಡು ಹೊರಟು ನಿಲ್ಲುವವರೆಗಿನ ಒಂದೊಂದು ಸರದಿಯನ್ನೂ, ಮೂರು ಬಾರಿ ನೋಡುವುದು. ಮೊದಲ ಸಲ ಅವನ ಪಾದಗಳನ್ನು ಮಾತ್ರ, ಎರಡನೆಯ ಸಲ ತಲೆ ಮತ್ತು ಕೈಗಳನ್ನು, ಮೂರನೆಯ ಸಲ ಇಡೀ ಮೈದಾನವನ್ನು. ಚೆಂಡನ್ನು ನೋಡಬಾರದು. ಚೆಂಡು ನೋಡುವವನನ್ನು ಮರುಳು ಮಾಡುತ್ತದೆ.

ಪಾದಗಳನ್ನು ನೋಡಿದಾಗ ಹುಡುಗ ನಿಧಾನ ಎನಿಸಿತು. ಚೆಂಡು ಎಸೆಯುವವನ ಕೈ ಸೇರಿದ ಮೇಲೂ ಅವನು ಅರೆಕ್ಷಣ ನಿಂತಲ್ಲೇ ಇರುತ್ತಿದ್ದ. ತಲೆಯನ್ನು ನೋಡಿದಾಗ ಆ ತೀರ್ಮಾನವನ್ನು ಹೊಡೆದುಹಾಕಬೇಕಾಯಿತು: ಅವನು ಎಸೆಯುವವನ ಹೆಗಲು ತಿರುಗುವುದನ್ನು ಕಾಯುತ್ತಿದ್ದ, ತಿರುಗಿತೋ, ಒಂದು ಹೆಜ್ಜೆಯೂ ವ್ಯರ್ಥವಾಗದಂತೆ ಹೊರಡುತ್ತಿದ್ದ. ಕೈಗಳನ್ನು ನೋಡಿದಾಗ ಇನ್ನೂ ಸಂತೋಷವಾಯಿತು. ಪ್ರತಿ ಆಟ ಶುರುವಾಗುವ ಮೊದಲು ಅವನು ಸಂಜ್ಞೆ ಮಾಡಿ ತನ್ನ ಮುಂದಿನವರನ್ನು ಸರಿಸಿ ನಿಲ್ಲಿಸುತ್ತಿದ್ದ. ತನ್ನ ಮುಂದಿದ್ದ ದೊಡ್ಡ ಆಳೊಬ್ಬನನ್ನು ಕರೆದು ಸ್ವಲ್ಪ ಎಡಕ್ಕೆ ನಿಲ್ಲು ಎನ್ನುತ್ತಿದ್ದ. ಅವನು ಸರಿದು ನಿಲ್ಲುತ್ತಿದ್ದ. ಹಿಂದೆ ನಿಂತು ಇಡೀ ಗೋಡೆಯನ್ನು ಕಟ್ಟುವವನು ಎಂದು ಮೆಚ್ಚಿ ಗುರುತು ಹಾಕಿಕೊಂಡೆ.

ಮೂರನೆಯ ಸಲ ನೋಡುವಾಗ, ಒಂದು ಪಂದ್ಯದ ಉತ್ತರಾರ್ಧದಲ್ಲಿ, ಆ ದೊಡ್ಡ ಆಳು ಪೆಟ್ಟಾಗಿ ಹೊರಗೆ ಹೋದ. ಅವನ ಬದಲಿಗೆ ಬಂದವನಿಗೆ ಸಂಜ್ಞೆ ತಿಳಿಯಲಿಲ್ಲ. ಎದುರಾಳಿ ಹುಡುಗನ ಎಡಕ್ಕೆ ಓಡಿಬಂದ. ಅಂಥವನನ್ನು ಎಡಭುಜ ಕೊಟ್ಟು, ತಲೆಯನ್ನು ಓಟಗಾರನ ಬೆನ್ನ ಕಡೆ ಇಟ್ಟುಕೊಂಡು ಕೆಡವಬೇಕು. ಈಗ ಎಲ್ಲೆಡೆ ಕಲಿಸುವುದು ಹಾಗೆ. ಹುಡುಗ ಹಾಗೆ ಮಾಡಲಿಲ್ಲ. ಒಂದು ಹೆಜ್ಜೆ ಹೆಚ್ಚು ಹಾಕಿ, ಸುತ್ತಿ ಬಂದು, ತಲೆಯನ್ನು ಓಟಗಾರನ ಮುಂದೆ ಒಡ್ಡಿ, ಬಲಭುಜ ಕೊಟ್ಟ. ಓಟಗಾರ ತಪ್ಪಿಸಿಕೊಂಡ. ಮರು ಆಟದಲ್ಲೂ ಅದೇ ಆಯಿತು.

ನಾನು ಹಿಂದಿನ ಪಂದ್ಯಗಳನ್ನೆಲ್ಲ ಮತ್ತೆ ತೆರೆದೆ. ಎಡಭುಜದಿಂದ ಮಾಡಿದ ಒಂದೇ ಒಂದು ಟ್ಯಾಕಲ್ ಸಿಗಲಿಲ್ಲ. ದೊಡ್ಡ ಆಳನ್ನು ಎಡಕ್ಕೆ ಕಳಿಸುತ್ತಿದ್ದುದು ತಂಡಕ್ಕಾಗಿ ಮಾತ್ರವಲ್ಲ. ತನ್ನ ಎಡಕ್ಕೆ ಯಾರೂ ಓಡಿಬರದಿರಲಿ ಎಂದು. ನಾನು ಮೆಚ್ಚಿದ ಜಾಣತನವೇ ಅವನ ಊನದ ಪರದೆಯಾಗಿತ್ತು. ಇದು ಅವನ ಕೋಚ್‌ಗಳಿಗೂ ತಿಳಿದಿರಲಿಲ್ಲವೆಂದು ನಂಬುತ್ತೇನೆ. ಗೆಲ್ಲುತ್ತಿರುವ ತಂಡದಲ್ಲಿ ಯಾರು ಯಾರನ್ನು ಏಕೆ ಸರಿಸಿದರು ಎಂದು ಯಾರೂ ಕೇಳುವುದಿಲ್ಲ.

ನನ್ನ ಕಣ್ಣನ್ನು ನಾನೇ ನಂಬದೆ ಮೂರು ತುಣುಕುಗಳನ್ನು ಮಾಜಿ ಕೋಚ್‌ಗೆ ತೋರಿಸಿದೆ. ಅವರು ನಗಲಿಲ್ಲ. ತಮ್ಮ ಕತ್ತನ್ನು ತಾವೇ ಉಜ್ಜಿಕೊಂಡರು. ತಲೆ ತಪ್ಪು ಕಡೆ ಹೋಗುತ್ತಿದೆ, ದೊಡ್ಡವರ ಮಟ್ಟದಲ್ಲಿ ಇದು ಕತ್ತಿಗೇ ಅಪಾಯ, ಎಂದರು. ವೃತ್ತಿಪರ ತಂಡದವರು ಮೊದಲ ಶಿಬಿರದಲ್ಲೇ ಕಂಡುಹಿಡಿದು ಓಟಗಾರರನ್ನೆಲ್ಲ ಆ ಬದಿಗೇ ಬಿಡುತ್ತಾರೆ ಎಂದೂ ಹೇಳಿದರು. ಇದನ್ನು ಅವರು ನನ್ನೆದುರು, ಹಗಲಿನಲ್ಲಿ, ಸ್ಪಷ್ಟವಾಗಿ ಹೇಳಿದರು.

ವಿಡಿಯೋ ತಯಾರಿಸಿದೆ. ಮೊದಲ ಭಾಗದಲ್ಲಿ ಹುಡುಗನ ದೃಷ್ಟಿ, ತಾಳ್ಮೆ, ಹೊರಡುವ ರೀತಿ; ಇವು ಕಲಿಸಿದರೆ ಬರುವಂಥವಲ್ಲ ಎಂದು ಹೇಳಿದೆ. ಎರಡನೆಯ ಭಾಗದಲ್ಲಿ ಎಡಭುಜ. ಕೊನೆಯಲ್ಲಿ ನನ್ನ ಅಭಿಪ್ರಾಯ: ಇನ್ನೊಂದು ವರ್ಷ ಕಾಲೇಜಿನಲ್ಲೇ ನಿಂತು, ಭುಜವನ್ನು ವೈದ್ಯರಿಗೆ ತೋರಿಸಿ, ಆ ಬದಿಯ ಟ್ಯಾಕಲ್ಲನ್ನು ಮೊದಲಿನಿಂದ ಕಲಿತ ಮೇಲೆ ಹೋಗಬೇಕು, ಈಗ ಹೋದರೆ ಉಳಿಯುವುದಿಲ್ಲ. ಮುಖ್ಯಸ್ಥರ ಕೈಗೆ ಕೊಟ್ಟೆ. "ಸೂಪರ್ ಅಂಕಲ್," ಎಂದರು.

ಜನವರಿಯ ಒಂದು ಶನಿವಾರ ಐಸೆಲಿನ್‌ನ ಭಾರತೀಯ ಅಂಗಡಿಗೆ ದಿನಸಿ ತರಲು ಹೋಗಿದ್ದೆ. ಹಸಿ ಅವರೆಕಾಯಿ ಬಂದಿದೆಯೇ ಎಂದು ಅಂಗಡಿಯವನನ್ನು ಕೇಳುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಗಸೊಬ್ಬರು ತಮ್ಮ ಗಾಡಿ ನಿಲ್ಲಿಸಿ ನನ್ನನ್ನೇ ನೋಡಿದರು.

"ಅಂಕಲ್, ತಪ್ಪ್ ತಿಳೀಬ್ಯಾಡ್ರಿ. ಫುಟ್‌ಬಾಲ್ ವಿಡಿಯೋದಾಗ ಮಾತಾಡಿದವ್ರು ನೀವೇ ಅಲ್ರಿ? ದನಿ ಕೇಳಿದ ಕೂಡ್ಲೇ ಗುರ್ತ ಹಿಡದೆ. ಅದನ್ನ ಎಷ್ಟು ಸಲ ಕೇಳೇನಿ ಅಂತೀರಿ! ಆ ಹುಡುಗನ ತಾಯಿ ರಿ ನಾನು."

ನಿಯಮ ನೆನಪಾಯಿತು. ತಲೆಯನ್ನಷ್ಟೇ ಆಡಿಸಿದೆ.

"ನೀವು ಅಷ್ಟು ಚಲೋ ಮಾತು ಹೇಳಿದ್ದಕ್ಕ ನಮಗ ಧೈರ್ಯ ಬಂತು ನೋಡ್ರಿ. ಇವ್ರಪ್ಪ ಟೆಕ್ಸಾಸ್‌ನ್ಯಾಗ ಕೆಲಸದ ಮ್ಯಾಲ ಅದಾರ, ಅವ್ರಿಗೂ ಫೋನಿನ್ಯಾಗ ಕೇಳಿಸಿದೆ. ಸೋಮವಾರ ಏಜೆಂಟ್ ಮನಿಗೇ ಬರ್ತಾನ. ಸೈನ್ ಮಾಡೂದ ಬಾಕಿ."

"ಎಡಭುಜದ ವಿಷಯ ಏನು ತೀರ್ಮಾನ ಮಾಡಿದಿರಿ?" ಎಂದು ಕೇಳಿದೆ. ಕೇಳಬಾರದಿತ್ತು, ಕೇಳಿದೆ.

"ಯಾವ ಭುಜ ರಿ?"

ಹಿಂದಿನಿಂದ ಯಾರೋ "ಎಕ್ಸ್‌ಕ್ಯೂಸ್ ಮಿ ಅಂಕಲ್" ಎಂದರು. ನಾನು ಗಾಡಿಯನ್ನು ಪಕ್ಕಕ್ಕೆ ಸರಿಸಿಕೊಂಡೆ. ಆಮೇಲೆ, ಅವರ ಬಳಿಯಿರುವ ವಿಡಿಯೋ ಯಾವ ಮಾತಿಗೆ ಮುಗಿಯುತ್ತದೆ ಎಂದು ವಿಚಾರಿಸಿದೆ. ಅವರು ಫೋನ್ ತೆಗೆದು ಅಲ್ಲೇ ತೋರಿಸಿದರು. ಮೊದಲ ಭಾಗ ಪೂರ್ತಿ ಇತ್ತು. ಹೊಗಳಿಕೆಯ ಕೊನೆಯ ವಾಕ್ಯ ಮುಗಿದು, ಮುಂದಿನದಕ್ಕೆ ನಾನು ಉಸಿರೆಳೆದುಕೊಂಡ ಜಾಗದಲ್ಲಿ ಕಚೇರಿಯ ಸಂಗೀತ ಶುರುವಾಗುತ್ತಿತ್ತು. ಅಷ್ಟು ನಾಜೂಕಾಗಿ ಅಲ್ಲಿಯೇ ಕತ್ತರಿ ಹಾಕಲು ಕನ್ನಡ ಬರಬೇಕು. ನಮ್ಮ ಕಚೇರಿಯಲ್ಲಿ ಕನ್ನಡ ಬರುತ್ತಿದ್ದವರು ಇಬ್ಬರು. ಒಬ್ಬ ನಾನು.

ಆ ತಾಯಿಗೆ ಅಂಗಡಿಯಲ್ಲಿ ಏನೂ ಹೇಳಲಿಲ್ಲ. ನಾಳೆ ಫೋನ್ ಮಾಡುತ್ತೇನೆಂದು ನಂಬರ್ ತೆಗೆದುಕೊಂಡೆ. ಕಾರಿನಲ್ಲಿ ಕುಳಿತು ಮೊದಲು ಮುಖ್ಯಸ್ಥರಿಗೆ ಕರೆ ಮಾಡಿದೆ, ಕ್ರಮ ಅದು.

"ಲೆಂಗ್ತ್ ಜಾಸ್ತಿ ಆಯ್ತು ಅಂಕಲ್. ಇವಾಗಿನವರ ಅಟೆನ್ಷನ್ ಸ್ಪ್ಯಾನ್ ನಿಮಗೆ ಗೊತ್ತಲ್ಲ."

"ಉದ್ದವಾಗಿದ್ದರೆ ಹೊಗಳಿಕೆಯನ್ನು ಕಡಿಮೆ ಮಾಡಬಹುದಿತ್ತು."

"ನೋಡಿ, ಆ ಏಜೆಂಟ್ ನಮಗೆ ದೊಡ್ಡ ಕ್ಲೈಂಟು. ಹುಡುಗ ಈ ವರ್ಷಾನೇ ಬೇಕಂತೆ. ಭುಜ ಗಿಜ ಎಲ್ಲಾ ಅವರ ಟ್ರೇನರ್ಸ್ ನೋಡ್ಕೋತಾರೆ. ನೀವು ಫ್ಯಾಮಿಲಿ ಜೊತೆ ಮಾತಾಡ್ಬೇಡಿ ಅಂಕಲ್, ಪ್ಲೀಸ್. ರೂಲ್ ಈಸ್ ರೂಲ್."

ಮಾಜಿ ಕೋಚ್‌ಗೂ ಕರೆ ಮಾಡಿದೆ. ಅದು ತಮ್ಮ ಕೇಸ್ ಅಲ್ಲ ಎಂದರು.

ಆ ನಿಯಮ ಏಕಿದೆ ಎಂದು ಯೋಚಿಸಿದೆ. ಪರಿಶೀಲಕ ಕುಟುಂಬದ ಮುಲಾಜಿಗೆ ಬಿದ್ದು ಇಲ್ಲದ ಗುಣಗಳನ್ನು ಹೊಗಳಬಾರದೆಂದು ಇದೆ. ಸತ್ಯ ಅವರಿಗೆ ತಲುಪಬಾರದೆಂದು ಇಲ್ಲ. ಹೇಳಿದ್ದು ನನ್ನ ದನಿಯಲ್ಲಿ, ಅರ್ಧ ಹೇಳಿದ್ದೂ ನನ್ನ ದನಿಯಲ್ಲಿ. ಉಳಿದರ್ಧವನ್ನು ಹೇಳುವ ಹೊಣೆ ಬೇರೆ ಯಾರದೂ ಆಗಲಾರದು. ಭಾನುವಾರ ಬೆಳಿಗ್ಗೆ ಆ ತಾಯಿಗೆ ಫೋನ್ ಮಾಡಿ, ಬರಲು ಅನುಮತಿ ಕೇಳಿಕೊಂಡು ಹಿಲ್ಸ್‌ಬರೋಗೆ ಹೋದೆ.

ಚಳಿಗಾಲದ ರಜೆಗೆ ಬಂದಿದ್ದ ಹುಡುಗನೇ ಬಾಗಿಲು ತೆರೆದ. ಬಾಗಿಲ ಚೌಕಟ್ಟನ್ನು ತುಂಬುವ ಮೈಕಟ್ಟು. ನನ್ನ ಜಾಕೆಟ್ಟನ್ನು ವಿನಯದಿಂದ ತೆಗೆದುಕೊಂಡ, ಬಲಗೈಯಿಂದ. ಬೇಸ್‌ಮೆಂಟ್‌ನಲ್ಲಿ ಕುಳಿತು ಪೂರ್ತಿ ವಿಡಿಯೋ ತೋರಿಸಿದೆ. ತಾಯಿ ಪರದೆಯನ್ನು ನೋಡಿದರು. ಹುಡುಗ ನೆಲವನ್ನು ನೋಡಿದ. ಕನ್ನಡ ಅವನಿಗೆ ಅರ್ಥವಾಗುತ್ತಿತ್ತು. ಮುಗಿದ ಮೇಲೆ ಅವನ ಮುಖ ಕೆಂಪಾಗಿತ್ತು.

"ಅಂಕಲ್, ನೋ ಡಿಸ್‌ರೆಸ್ಪೆಕ್ಟ್. ಹ್ಯಾವ್ ಯು ಎವರ್ ಹಿಟ್ ಎನಿಬಡಿ?"

"ಇಲ್ಲ."

"ದೆನ್ ಹೌ ವುಡ್ ಯು ನೋ?"

"ಸುಮ್ಮನಿರೋ," ಎಂದರು ತಾಯಿ. ಅವರ ಸಿಟ್ಟು ಮಗನ ಮೇಲಿರಲಿಲ್ಲ. ನನ್ನ ಕಡೆ ತಿರುಗಿ, "ಹೈಸ್ಕೂಲ್‌ನ್ಯಾಗ ಒಮ್ಮೆ ಭುಜ ಸರದಿತ್ತು, ಖರೆ. ಅದು ಎಂದೋ ಆರಾಮ ಆಗೇದ ರಿ. ನಾಳೆ ಸೈನ್ ಮಾಡೂ ಹೊತ್ತಿನ್ಯಾಗ ಬಂದು ಹಿಂಗ ಹೇಳಿದ್ರ ಹ್ಯಾಂಗ?" ಎಂದರು.

ಮೂಲೆಯಲ್ಲಿ ಟ್ಯಾಕಲ್ ಅಭ್ಯಾಸಕ್ಕೆಂದು ತುಂಬಿದ ಭಾರದ ಚೀಲವೊಂದು ಚಾವಣಿಯಿಂದ ತೂಗುತ್ತಿತ್ತು. ವಾದ ಮಾಡುವುದರಲ್ಲಿ ಅರ್ಥವಿರಲಿಲ್ಲ. ನಾನು ಆ ಚೀಲವನ್ನು ಹುಡುಗನ ಬಲಕ್ಕೆ ತೂಗಿಬಿಟ್ಟು, ತಡೆ ಎಂದೆ. ಬಲಭುಜ ಕೊಟ್ಟು ತಡೆದ. ಚಾವಣಿಯ ದೀಪ ಅಲುಗಾಡಿತು. ತಾಯಿಯ ಮುಖದಲ್ಲಿ ಸ್ವಲ್ಪ ಹೆಮ್ಮೆ ಮೂಡಿತು. ಎಡಕ್ಕೆ ತೂಗಿಬಿಟ್ಟೆ. ಅವನು ಒಂದು ಹೆಜ್ಜೆ ಹೆಚ್ಚು ಹಾಕಿ, ಸುತ್ತಿ ಬಂದು, ಬಲಭುಜ ಕೊಟ್ಟ. ಮತ್ತೆ ಬಿಟ್ಟೆ. ಮತ್ತೆ ಸುತ್ತಿ ಬಂದ.

ಕೇಳಿದ್ದು ತಾಯಿ.

"ಯಾಕ ಸುತ್ತು ಹಾಕಿ ಬಂದಿ? ಅದು ಇತ್ಲಾಗ ಐತಲ್ಲ, ಇಲ್ಲೇ."

"ಐ ಡೋಂಟ್ ನೋ ಮಾ."

"ಇಲ್ಲಿಂದ ಹೊಡಿ. ನನ್ನ ಮುಂದ ಹೊಡಿ."

ಹುಡುಗ ಚೀಲದೆದುರು ನಿಂತ. ಎಡಭುಜವನ್ನು ಮುಂದೆ ತಂದ. ಅಲ್ಲಿಗೇ ನಿಂತುಬಿಟ್ಟ. ಚೀಲ ತಾನೇ ತೂಗಿ ಬಂದು ಅವನ ಎದೆಗೆ ತಾಗಿ ನಿಂತಿತು.

"ಇಟ್ ಫೀಲ್ಸ್ ಲೈಕ್ ಇಟ್ಸ್ ಗೊನ್ನಾ ಕಮ್ ಔಟ್," ಎಂದ, ಕಳಚಿ ಬರುವುದನ್ನು ತಡೆಯುವವನಂತೆ ಎಡಭುಜದ ಕೀಲನ್ನು ಒತ್ತಿ ಹಿಡಿದು. ನಮ್ಮಿಬ್ಬರಿಗೂ ಹೇಳಿದ ಮಾತಾಗಿರಲಿಲ್ಲ ಅದು. ಆಮೇಲೆ ತಾಯಿಯ ಕಡೆ ತಿರುಗಿ, "ಯಾರಿಗೂ ಹೇಳಿಲ್ಲ ಮಾ. ನಾಟ್ ಈವನ್ ಕೋಚ್," ಎಂದ.

ಕಾಫಿ ಬೇಕೇ ಎಂದು ನನ್ನನ್ನು ಕೇಳಲಿಲ್ಲ. ಕೇಳಬೇಕೆಂದು ನಾನು ನಿರೀಕ್ಷಿಸಿಯೂ ಇರಲಿಲ್ಲ. ಜಾಕೆಟ್ ಹಾಕಿಕೊಳ್ಳುವಾಗ ಆ ತಾಯಿ, "ನೀವು ಕಂಡದ್ದೆಲ್ಲ ಮೊದಲ ಹೇಳಿದ್ದ್ರಿ ಅಂದ್ರ, ಅದನ್ನ ನಮಗ ಮುಟ್ಟಿಸದಂಗ ಮಾಡಿದವ್ರು ಯಾರು ರಿ?" ಎಂದು ಕೇಳಿದರು. ಅದನ್ನು ಕಚೇರಿಯನ್ನೇ ಕೇಳಿ ಎಂದೆ. ಅವರು ಕೇಳಿದರು ಕೂಡ. ಸೋಮವಾರ ಏಜೆಂಟ್ ಬರಲಿಲ್ಲ. ಬರಬೇಡಿ ಎಂದು ಹುಡುಗನೇ ಫೋನ್ ಮಾಡಿದ್ದ.

ಅದೇ ದಿನ ಮಧ್ಯಾಹ್ನ ಮುಖ್ಯಸ್ಥರು ಬಾಗಿಲು ಹಾಕಿಕೊಂಡು ನನ್ನನ್ನು ಕೂರಿಸಿದರು. ಮಾಜಿ ಕೋಚ್ ಕಿಟಕಿಯ ಬಳಿ ನಿಂತಿದ್ದರು.

"ನೀವು ಹಿರಿಯರು ಅಂಕಲ್, ನಿಮ್ಮ ಮೇಲೆ ರೆಸ್ಪೆಕ್ಟ್ ಇದೆ. ಆದ್ರೆ ನಮ್ಮೋರು ಅಂತ ನೀವು ಪಾರ್ಶಿಯಾಲಿಟಿ ಮಾಡಿದ್ರಿ."

"ನಮ್ಮವರೆಂದು ಈ ಕೆಲಸವನ್ನು ನನಗೆ ವಹಿಸಿದವರು ನೀವು."

"ಅದು ಬೇರೆ."

"ಯಾವುದು ಬೇರೆ?"

ನಾನು ಮಾಜಿ ಕೋಚ್ ಕಡೆ ತಿರುಗಿ, ಆ ಮೂರು ತುಣುಕುಗಳ ಬಗ್ಗೆ ಅಂದು ಹೇಳಿದ್ದನ್ನು ಈಗೊಮ್ಮೆ ಹೇಳಿ ಎಂದೆ. ಅವರು ಕೆಳಗೆ ದಂತ ವೈದ್ಯರ ಪಾರ್ಕಿಂಗ್‌ನಲ್ಲಿ ಹಿಮ ತಳ್ಳುತ್ತಿದ್ದ ಟ್ರಕ್ಕನ್ನು ನೋಡುತ್ತಿದ್ದರು. ಅದನ್ನೇ ನೋಡುತ್ತಿದ್ದರು. ನಾನು ನನ್ನ ಲೋಟ ತೆಗೆದುಕೊಂಡು ಹೊರಬಂದೆ. ಅವರು ಎತ್ತಿಕೊಂಡು ಹೋದ ದೊಡ್ಡ ಪರದೆ ಕೊನೆಯವರೆಗೂ ನನ್ನ ಮೇಜಿಗೆ ಮರಳಲಿಲ್ಲ.

ಆ ತಾಯಿ ಈಗ ಐಸೆಲಿನ್‌ನಲ್ಲಿ ಎದುರಾದರೆ ತಲೆಯಾಡಿಸುತ್ತಾರೆ, ಮಾತಾಡುವುದಿಲ್ಲ. ಅವರ ಮನೆಯ ಒಂದು ವರ್ಷದ ಸಂಭ್ರಮವನ್ನು ನಿಲ್ಲಿಸಿದವನು ನಾನು. ಅದಕ್ಕೆ ಕೃತಜ್ಞತೆ ಬಯಸುವುದು ಅತಿಯಾದೀತು. ಹುಡುಗ ಕಾಲೇಜಿಗೆ ಮರಳಿದ. ಭುಜಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ, ದೀರ್ಘ ವ್ಯಾಯಾಮ ಬೇಕಾಯಿತು ಎಂದು ಬೇರೆಯವರಿಂದ ತಿಳಿಯಿತು. ಬೇಸಿಗೆಯ ಕೊನೆಗೆ ನನ್ನ ಫೋನಿಗೆ ಒಂದು ತುಣುಕು ಬಂತು, ಜೊತೆಗೆ ಒಂದಕ್ಷರವೂ ಇಲ್ಲದೆ. ಅಭ್ಯಾಸದ ಮೈದಾನ. ಓಟಗಾರ ಎಡಕ್ಕೆ ಬರುತ್ತಾನೆ. ಹುಡುಗ ಸುತ್ತು ಹಾಕುವುದಿಲ್ಲ; ತಲೆ ಓಟಗಾರನ ಬೆನ್ನ ಕಡೆ, ಎಡಭುಜ ತೊಡೆಗೆ. ಇಬ್ಬರೂ ಬೀಳುತ್ತಾರೆ. ನಾನು ಮೂರು ಸಲ ನೋಡಿದೆ. ಪಾದ ಇನ್ನೂ ಅರ್ಧ ಹೆಜ್ಜೆ ತಡ, ಎಂದು ಬರೆದು ಕಳಿಸಿದೆ. "ಐ ನೋ ಅಂಕಲ್," ಎಂದು ಉತ್ತರ ಬಂತು.

ಅವನು ವೃತ್ತಿಪರ ಆಟಗಾರನಾಗುತ್ತಾನೆಯೇ ಎಂಬುದು ನನಗೆ ತಿಳಿಯದು. ತಿಳಿದಿದೆ ಎಂದು ನಾನು ಎಂದೂ ಹೇಳಿಲ್ಲ.

ಈಗ ನಿಮ್ಮಿಬ್ಬರಿಗೆ. ಎಡಭುಜದ ಬಗ್ಗೆ ನಾನು ಹೇಳಿದ್ದರಲ್ಲಿ ಒಂದು ವಾಕ್ಯವಾದರೂ ಸುಳ್ಳೆಂದು ನಿಮ್ಮಲ್ಲಿ ಯಾರೂ ಇಂದಿನವರೆಗೆ ಹೇಳಿಲ್ಲ. ಕಿಟಕಿಯ ಬಳಿ ನಿಂತವರನ್ನು ಮತ್ತೆ ಕೇಳುವುದಿಲ್ಲ. ಅವರ ಉತ್ತರ ನನಗೆ ಸಿಕ್ಕಿದೆ. ಮುಖ್ಯಸ್ಥರನ್ನು ಕೇಳುತ್ತೇನೆ: ನಿಮ್ಮ ಮೇಜಿನ ಮೇಲೆ ಹೆಲ್ಮೆಟ್ ತೊಟ್ಟು ನಗುತ್ತಿರುವ ಆ ಹುಡುಗ ನಾಳೆ ದೊಡ್ಡವನಾಗಿ, ತನ್ನ ಒಂದು ಭುಜವನ್ನು ಎಲ್ಲರಿಂದ ಮರೆಮಾಚಿ ಆಡುತ್ತಿದ್ದರೆ, ಅದನ್ನು ಕಂಡವನ ಮಾತನ್ನು ನೀವು ಯಾವ ವಾಕ್ಯಕ್ಕೆ ನಿಲ್ಲಿಸುತ್ತೀರಿ?